ಕಚ್ಚುವ ನೀರು

ರಾತ್ರಿ ಪಾಳಿಯವರು ಹಗಲು ಪಾಳಿಯವರಿಗೆ ಠಾಣೆಯನ್ನು ಒಪ್ಪಿಸುತ್ತಿದ್ದ ಹೊತ್ತಿಗೆ ಆ ಹೆಂಗಸು ಮೆಟ್ಟಿಲೇರಿ ಬಂದಳು. ಅತ್ತು ಅತ್ತು ಬತ್ತಿಹೋದ ಕಣ್ಣು. ಕೈಯಲ್ಲಿ ಮುದ್ದೆ ಮಾಡಿ ಹಿಡಿದ ಗಂಡಸರ ಟವಲು. ದಫೇದಾರ ನೋಡಿದೊಡನೆ ಗುರುತು ಹಿಡಿದ. ಹಿಂದಿನ ದಿನ ಮಧ್ಯಾಹ್ನ ಸರೋವರದ ದೋಣಿಕಟ್ಟೆಯಲ್ಲಿ ಸತ್ತ ಮುಳುಗುಗಾರನ ಹೆಂಡತಿ. ಆ ಸಾವನ್ನು ಅಸಹಜ ಸಾವೆಂದು ದಾಖಲಿಸಿ, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಿ ಆಗಿತ್ತು. ಕಡತಕ್ಕೆ ದಾರ ಕಟ್ಟುವುದಷ್ಟೇ ಬಾಕಿ.

"ಏನಂತ ಬರ್ದಿದ್ದೀರಿ ಸಾರ್?" ಎಂದು ಅವಳು ನೇರವಾಗಿ ಇನ್ಸ್‌ಪೆಕ್ಟರರನ್ನೇ ಕೇಳಿದಳು.

"ನೀರಲ್ಲಿ ಮುಳುಗಿ ಸಾವು ಅಂತ. ಡಾಕ್ಟರ್ ವರದಿ ಬರ್ಲಿ ತಾಯಿ."

"ಕುಡಿದಿದ್ದ ಅಂತ ಬರ್ದಿದ್ದೀರಂತೆ."

ದಫೇದಾರ ಕೆಮ್ಮಿದ. ಸತ್ತವನು ಕೆಲಸಕ್ಕಿಳಿದಿದ್ದ ಲಾಂಚಿನ ಯಜಮಾನ ಕೊಟ್ಟ ಹೇಳಿಕೆಯಲ್ಲಿ ಆ ಮಾತು ಇತ್ತು: ಸ್ವಲ್ಪ ಹಾಕ್ಕೊಂಡಿದ್ದ ಅನ್ಸುತ್ತೆ.

"ಮಗಳು ಹುಟ್ಟಿದ ದಿನ ಬಿಟ್ಟಿದ್ದು ಸಾರ್. ಅವಳೀಗ ಶಾಲೆಗೆ ಹೋಗ್ತಾಳೆ. ಮೀನು ಮುಳುಗಿ ಸತ್ತಿತು ಅಂದ್ರೆ ನಂಬ್ತೀರಾ? ಇವರೂ ಹಾಗೇನೇ. ಹೋದವರು ವಾಪಸ್ ಬರಲ್ಲ, ಗೊತ್ತು. ಆದ್ರೆ ನಾಳೆ ನನ್ನ ಮಗಳನ್ನ ಕುಡುಕನ ಮಗಳು ಅಂತಾರಲ್ಲ, ಅದೊಂದು ಮಾತು ತೆಗೀರಿ."

"ಒಂದು ಕಾರಣ ತೆಗೀಬೇಕಾದ್ರೆ ಇನ್ನೊಂದು ಇಡಬೇಕಲ್ಲಮ್ಮ. ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಯಾರ ಮೇಲೂ ಇಲ್ಲ. ಲಾಂಚು ನಮ್ಮಣ್ಣಂದೇ. ತೀರಿಹೋದ ನಮ್ಮಪ್ಪ ಕಟ್ಟಿದ್ದು." ಅವಳು ಟವಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಮೊನ್ನೆ ಮೊನ್ನೆ ಇವರು ಮನೆಗೆ ಬಂದು ಕೈ ತೋರಿಸಿದ್ರು. 'ಆ ಲಾಂಚಿನ ಹತ್ರ ನೀರು ಕಚ್ಚುತ್ತೆ ಕಣೇ' ಅಂದ್ರು. ನೋಡಿದ್ರೆ ಗಾಯ ಇಲ್ಲ, ಕಲೆ ಇಲ್ಲ. ಅಣ್ಣನ್ನ ಕೇಳಿದೆ. 'ಅಪ್ಪ ಇನ್ನೂ ಅಲ್ಲೇ ಇದ್ದಾನೆ, ಲಾಂಚು ಬಿಟ್ಟು ಹೋಗಿಲ್ಲ' ಅಂದ."

ದಫೇದಾರನ ಲೇಖನಿ ನಿಂತಿತು. "ಇದನ್ನೂ ಬರೀಲಾ ಸಾರ್?"

"ಬರೀರಿ. ದೆವ್ವ ಅಂತ ಬೇಡ. ನೀರು ಕಚ್ಚುತ್ತೆ ಅಂದ್ರಲ್ಲ, ಅದನ್ನ ಹಾಗೇ ಬರೀರಿ."

ದೂರನ್ನು ಏಳೂ ನಲವತ್ತಕ್ಕೆ ಸ್ವೀಕರಿಸಲಾಯಿತು. ಅವಳು ಹೋದ ಮೇಲೂ ಇನ್ಸ್‌ಪೆಕ್ಟರರ ಮನಸ್ಸಿನಲ್ಲಿ ಒಂದು ಉರಿ ಉಳಿಯಿತು. ಸತ್ತವನ ಬಾಯಿಗೆ ಹೆಂಡ ಸುರಿಯುವುದು ಬದುಕಿರುವವರಿಗೆ ಎಷ್ಟು ಸುಲಭ! ಅವನು ಉಗುಳಲಾರ, ಇಲ್ಲವೆನ್ನಲಾರ.

ದೋಣಿಕಟ್ಟೆ ತಲಪಿದಾಗ ಸರೋವರದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿದ ಉದ್ದನೆಯ ಕಟ್ಟೆ. ಈ ತುದಿಯಲ್ಲಿ ಟಿಕೆಟ್ ಕೊಡುವ ಗೂಡು, ಅದರ ಪಕ್ಕದ ಕಂಬದಲ್ಲಿ ಫ್ಯೂಸ್ ಪೆಟ್ಟಿಗೆ ಮತ್ತು ಹಗಲಲ್ಲೂ ಉರಿಯುತ್ತಿದ್ದ ಒಂದು ಬಲ್ಬು. ಆ ತುದಿಯಲ್ಲಿ ಹಳೆಯ ಮರದ ಲಾಂಚು. ಬಣ್ಣದ ಮೇಲೆ ಬಣ್ಣ ಬಳಿದು ಅದರ ಮೈ ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟಿತ್ತು. ಕಂಬದ ಪ್ಲಗ್ಗಿನಿಂದ ಕಪ್ಪು ಕೇಬಲ್ಲೊಂದು ಹೊರಟು ಲಾಂಚಿನ ಹೊಟ್ಟೆಯೊಳಗೆ ಇಳಿದಿತ್ತು. ಒಳಗಿನ ಬ್ಯಾಟರಿಗಳಿಗೆ ಚಾರ್ಜು ಏರುವುದು ಅದರ ಮೂಲಕವೇ.

ಕಟ್ಟೆಯ ನಾಯಿಯೊಂದು ಪೊಲೀಸರನ್ನು ಮೂಸಿ, ನೀರು ಕುಡಿಯಲೆಂದು ಲಾಂಚಿನ ಬದಿಯ ಮೆಟ್ಟಿಲಿಗೆ ಇಳಿಯಿತು. ಮೂತಿ ನೀರಿಗೆ ಇನ್ನೇನು ತಗುಲಬೇಕು, ಅಷ್ಟರಲ್ಲಿ ನಿಂತಿತು. ಕಿವಿ ಹಿಂದಕ್ಕೆ ಹೋಯಿತು. ಮೆಲ್ಲನೆ ಹಿಂದೆ ಸರಿದು, ಕಟ್ಟೆಯ ಉದ್ದಕ್ಕೂ ನಡೆದು, ದೂರದ ದಡದಲ್ಲಿ ಗಟಗಟನೆ ಕುಡಿಯಿತು.

"ನೋಡಿದ್ರಾ ಸಾರ್?" ದಫೇದಾರನ ದನಿ ತಗ್ಗಿತ್ತು. "ನಾಯಿ ಕಣ್ಣಿಗೆ ಕಾಣುತ್ತಂತೆ."

"ನಿಮ್ಮ ಕಣ್ಣಿಗೆ ಕಾಣೋದನ್ನ ನೀವು ಬರ್ಕೊಳ್ಳಿ. ನಾಯಿಯ ಹೇಳಿಕೆ ಆಮೇಲೆ ತಗೊಳ್ಳೋಣ."

ಲಾಂಚಿನ ಯಜಮಾನ ಎದುರು ಬಂದ. ಐವತ್ತರ ಆಸುಪಾಸು, ಮೊಣಕಾಲೆತ್ತರದ ರಬ್ಬರ್ ಬೂಟು. ಭಾವನ ಸಾವಿನಿಂದ ಅವನ ಮುಖ ನಿಜವಾಗಿಯೂ ಕುಸಿದಿತ್ತು. ಅವನನ್ನು ಹಿಂಬಾಲಿಸಿ ಇನ್ಸ್‌ಪೆಕ್ಟರರು ಚುಕ್ಕಾಣಿಯ ಕೋಣೆಗೆ ಹೋದರು. ಚಕ್ರದ ಪಕ್ಕದ ಮೊಳೆಯಲ್ಲಿ ಹಳೆಯ ಉಣ್ಣೆಯ ಟೋಪಿಯೊಂದು ತೂಗುತ್ತಿತ್ತು.

"ಯಾರದು?"

"ಅಪ್ಪಂದು. ಊರೆಲ್ಲ ದೊಡ್ಡ ಮೇಸ್ತ್ರಿ ಅಂತಿದ್ರು. ಹಲಗೆ ಹಲಗೆ ತಾನೇ ಕೊಯ್ದು ಕಟ್ಟಿದ್ದು ಸಾರ್ ಇದನ್ನ."

"ನಿನ್ನೆ ನಿಮ್ಮ ಭಾವನ್ನ ನೀರಿಗೆ ಇಳಿಸಿದ್ದು ಯಾಕೆ?"

"ಪ್ರೊಪೆಲ್ಲರಿಗೆ ಕಳೆ ಸುತ್ಕೊಂಡಿತ್ತು. ಇವತ್ತು ಲೈಸೆನ್ಸಿನವರು ತಪಾಸಣೆಗೆ ಬರೋರಿದ್ರು."

"ಕುಡಿದಿದ್ದ ಅಂತ ನಿಮಗೆ ಹೇಗೆ ಗೊತ್ತು? ವಾಸನೆ ಬಂತಾ?"

"ಅನ್ಸಿತು ಸಾರ್."

"ಅನ್ನಿಸಿದ್ದು ಕೇಳಲಿಲ್ಲ. ವಾಸನೆ ಬಂತಾ?"

ಯಜಮಾನ ಉತ್ತರಿಸುವ ಮೊದಲೇ ಕಾಲಡಿಯಿಂದ ಗಂಟೆ ಬಾರಿಸಿತು.

ಅದು ದೊಡ್ಡ ಸದ್ದಲ್ಲ. ತಗಡಿನ ಡಬ್ಬದೊಳಗೆ ಯಾರೋ ಬೆರಳಿನಿಂದ ಕೆರೆದಂತೆ ಮೊದಲು ಗರಗರ ಎಂದಿತು, ಆಮೇಲೆ ಎಡೆಬಿಡದೆ ಕಿಣಿಕಿಣಿಸಿತು. ಕೆಳಗೆ ಯಾರೂ ಇರಲಿಲ್ಲ. ಕಾನ್‌ಸ್ಟೇಬಲ್ ಇಳಿದು ನೋಡಿ ಬಂದ. ಟೋಪಿ ಮೊಳೆಯಲ್ಲಿ ಸಣ್ಣಗೆ ನಡುಗುತ್ತಿತ್ತು. ಯಜಮಾನನ ತುಟಿ ಅಲ್ಲಾಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ, ಕಟ್ಟೆಯ ಟಿಕೆಟ್ ಗೂಡಿನ ತುದಿಯಲ್ಲಿ, ಕಂಬದ ಬಲ್ಬು ಪಟ್ಟನೆ ಆರಿತು. ಸ್ವಲ್ಪ ಹೊತ್ತಿಗೆ ಕೆಳಗೆ ಪಂಪು ಗುರುಗುಟ್ಟಿ ನೀರನ್ನು ಹೊರಗೆ ಕಕ್ಕಿತು, ಗಂಟೆ ನಿಂತಿತು. ಮಂಜಿನಲ್ಲಿ ನೀರು ಸೋರುವ ಸದ್ದೊಂದೇ ಉಳಿಯಿತು.

"ಅಪ್ಪ," ಎಂದ ಯಜಮಾನ, ಪಿಸುಮಾತಿನಲ್ಲಿ. "ಸತ್ತಾಗಿನಿಂದ ಹೀಗೇ. ಗಂಟೆ ಹೊಡೀತಾನೆ. ಆಗ ನೀರಲ್ಲಿ ಯಾರೂ ಇರಬಾರದು."

ಇನ್ಸ್‌ಪೆಕ್ಟರರ ತೋಳಿನ ರೋಮ ಎದ್ದದ್ದು ಸುಳ್ಳಲ್ಲ. ಆದರೆ ಹೆದರಿಕೆ ಒಂದು ಸಾಕ್ಷ್ಯವಲ್ಲವೆಂದು ಅವರು ತಮ್ಮ ಕಿರಿಯರಿಗೆ ಹೇಳುತ್ತಿದ್ದರು. ಈಗ ಅದನ್ನು ತಮಗೇ ಹೇಳಿಕೊಂಡರು. ಕೆಳಗಿಳಿಯುವಾಗ ಲಾಂಚಿನ ಬದಿಯ ಕಬ್ಬಿಣದ ಏಣಿಯನ್ನು ಹಿಡಿದರು. ಕೈಗೆ ತಣ್ಣನೆಯ ಕಬ್ಬಿಣ ಸಿಗಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಹಳೆಯ ಟೈರಿನ ಟ್ಯೂಬನ್ನು ಕತ್ತರಿಸಿ ಬಿಗಿಯಾಗಿ ಸುತ್ತಲಾಗಿತ್ತು.

"ಜಾರಬಾರದು ಅಂತ," ಎಂದ ಯಜಮಾನ, ಯಾರೂ ಕೇಳದೆಯೇ.

ಟಿಕೆಟ್ ಗೂಡಿನ ಹೆಂಗಸಿನ ಬಾಯಿಗೆ ಬೀಗವಿರಲಿಲ್ಲ. ಆ ಗುಣ ಪೊಲೀಸರಿಗೆ ದೇವರು ಕೊಟ್ಟ ವರ.

"ನಾನು ಕಣ್ಣಾರೆ ನೋಡಿದೆ ಸಾರ್. ಗಂಟೆ ಬಾರಿಸ್ತು. ಯಜಮಾನ್ರು ಲಾಂಚಿನ ಮೇಲೆ ನಿಂತಿದ್ರು. ಆಮೇಲೆ ನೀರಿಗಿಳಿದವನು ಮೇಲೆ ಬಂದ, ಮುಖ ಕೆಳಗೆ. ಕೂಗಿಲ್ಲ, ಕೈ ಬಡಿದಿಲ್ಲ. ಬಟ್ಟೆ ತೇಲಿದ ಹಾಗೆ."

"ಯಾರೂ ನೀರಿಗೆ ಹಾರಲಿಲ್ವಾ?"

"ಇಬ್ಬರು ಓಡಿದ್ರು. ಯಜಮಾನ್ರು 'ಇಳೀಬೇಡಿ, ಯಾರೂ ಇಳೀಬೇಡಿ' ಅಂತ ಕಿರುಚಿದ್ರು. ಓಡಿಬಂದು ಪ್ಲಗ್ ಕಿತ್ರು. ಆಮೇಲೆ ಉದ್ದ ಕೊಕ್ಕೆಯಿಂದ ಎಳ್ಕೊಂಡ್ರು."

ಇನ್ಸ್‌ಪೆಕ್ಟರರು ಬರೆಯುತ್ತಿದ್ದವರು ತಲೆ ಎತ್ತಿದರು. ಮುಳುಗುವವನನ್ನು ಕಂಡವನು ಇಳಿಯಿರಿ ಎಂದು ಕೂಗುತ್ತಾನೆ. ಇಳಿಯಬೇಡಿ ಎಂದು ಕೂಗುವವನಿಗೆ ನೀರಿನ ಬಗ್ಗೆ ಏನೋ ಗೊತ್ತಿರಬೇಕು.

"ಗಂಟೆ ಬಾರಿಸಿದಾಗೆಲ್ಲ ಈ ಬಲ್ಬ್ ಆರುತ್ತಾ?"

"ಮೊದಲು ಎಲ್ಲಿ ಆರ್ತಿತ್ತು? ನಿನ್ನೆ ಸಂಜೆಯಿಂದ ಶುರುವಾಗಿದ್ದು. ಇದು ಮೂರನೇ ಸಲ. ಯಜಮಾನ್ರೇ ಬಂದು ಫ್ಯೂಸ್ ಹಾಕಿ ಹೋಗ್ತಾರೆ. ಅಳಿಯನ್ನ ತಿಂದ್ಕೊಂಡು ದೊಡ್ಡ ಮೇಸ್ತ್ರಿಗೆ ಜೋರು ಬಂದಿದೆ ಅಂತ ಕಟ್ಟೇಲಿ ಮಾತಾಡ್ಕೋತಾರೆ."

ಹಾಗಾದರೆ ಸಾವಿಗೆ ಮೊದಲು ಗಂಟೆ ಬಾರಿಸುತ್ತಿತ್ತು, ದೀಪ ಉಳಿಯುತ್ತಿತ್ತು. ಸಾವಿನ ನಂತರ ಗಂಟೆ ಬಾರಿಸಿದರೆ ದೀಪ ಆರುತ್ತಿದೆ. ದೆವ್ವಕ್ಕೆ ಜೋರು ಬಂದಿರಬಹುದು. ಇಲ್ಲವೇ ಒಬ್ಬ ಮನುಷ್ಯ ನಡುವೆ ಏನನ್ನೋ ಬದಲಿಸಿರಬಹುದು. ಲಾಂಚಿನಿಂದ ಎಲ್ಲರನ್ನೂ ಇಳಿಸಿ, ಕಾವಲಿಗೆ ಕಾನ್‌ಸ್ಟೇಬಲ್ಲನನ್ನು ಹಾಕಿ, ಯಾರೂ ಯಾವ ತಂತಿಯನ್ನೂ ಮುಟ್ಟಕೂಡದೆಂದು ಆಜ್ಞೆ ಮಾಡಿ ಅವರು ಆಸ್ಪತ್ರೆಗೆ ಹೋದರು.

ವೈದ್ಯರು ಮಿತಭಾಷಿ. "ಹೊಟ್ಟೆಯಲ್ಲಿ, ರಕ್ತದಲ್ಲಿ ಮದ್ಯ ಇಲ್ಲ. ಹೃದಯ ಗಟ್ಟಿ. ಗಾಯ ಇಲ್ಲ, ಸುಟ್ಟ ಗುರುತಿಲ್ಲ. ಮುಳುಗಿಯೇ ಸತ್ತಿದ್ದು. ಇಂಥ ಈಜುಗಾರ ಯಾಕೆ ಮುಳುಗಿದ ಅನ್ನೋದು ನನ್ನ ಚಾಕುವಿಗೆ ಸಿಗೋ ವಿಷಯ ಅಲ್ಲ."

"ನೀರಿನಲ್ಲಿ ಕರೆಂಟ್ ಇದ್ದಿದ್ರೆ?"

ವೈದ್ಯರು ಕೈ ಒರೆಸುವುದನ್ನು ನಿಲ್ಲಿಸಿದರು. "ಆಗ ಕೈಕಾಲು ಅವನ ಮಾತು ಕೇಳಲ್ಲ. ಎಚ್ಚರ ಇರುತ್ತೆ. ಕೂಗೋಕೂ ಆಗಲ್ಲ. ಗುರುತೂ ಉಳಿಯಲ್ಲ."

ಎಚ್ಚರ ಇರುತ್ತೆ ಎಂಬ ಮಾತು ಮೆಟ್ಟಿಲಿಳಿಯುವವರೆಗೂ ಇನ್ಸ್‌ಪೆಕ್ಟರರ ಬೆನ್ನು ಹತ್ತಿತು.

ವಿದ್ಯುತ್ ಪರಿವೀಕ್ಷಕಿ ಮರುದಿನ ಬೆಳಿಗ್ಗೆ ತಮ್ಮ ಮೀಟರುಗಳ ಪೆಟ್ಟಿಗೆಯೊಂದಿಗೆ ಬಂದರು. ಪಂಚರ ಸಮಕ್ಷಮ ಪರಿಶೀಲನೆ ಆರಂಭವಾಯಿತು. ದಡದ ಪ್ಲಗ್ಗು, ಕೇಬಲ್ಲು, ಚಾರ್ಜರು, ಬ್ಯಾಟರಿ, ದೀಪ, ಪಂಪು: ಒಂದೊಂದನ್ನೇ ಬಿಡಿಸಿ ಅಳೆದು ಮತ್ತೆ ಜೋಡಿಸುತ್ತ ಹೋದರು. ಎರಡನ್ನು ಒಟ್ಟಿಗೆ ಒಮ್ಮೆಯೂ ಮುಟ್ಟಲಿಲ್ಲ.

"ಒಂದನ್ನ ಮಾತ್ರ ಬದಲಿಸಬೇಕು," ಎಂದರು. "ಎರಡನ್ನ ಬದಲಿಸಿದ್ರೆ ಯಾವುದು ಸುಳ್ಳು ಹೇಳ್ತಿದೆ ಅಂತ ಗೊತ್ತಾಗಲ್ಲ."

"ನಮ್ಮ ಕೆಲಸವೂ ಅದೇ ಮೇಡಂ. ಆದ್ರೆ ನಮ್ಮ ತಂತಿಗಳು ಅಳ್ತವೆ," ಎಂದರು ಇನ್ಸ್‌ಪೆಕ್ಟರರು.

ಒಂದು ಗಂಟೆಯ ನಂತರ ಪರಿವೀಕ್ಷಕಿ ಹಣೆ ಒರೆಸಿಕೊಂಡರು. ಯಾವ ದೋಷವೂ ಸಿಕ್ಕಿರಲಿಲ್ಲ. "ಇಷ್ಟು ಹಳೇ ಲಾಂಚಲ್ಲಿ ಎಲ್ಲಾ ಸರಿ ಇದೆ ಅನ್ನೋದೇ ಸರಿ ಕಾಣ್ತಿಲ್ಲ," ಎಂದು ಗೊಣಗುತ್ತ ಟಾರ್ಚು ಹಿಡಿದು ಎಂಜಿನ್ನಿನ ಹಿಂದೆ ತೆವಳಿದರು. ಅಲ್ಲಿಂದ ಕರೆದರು. "ಇಲ್ಲಿ ಬನ್ನಿ."

ಎಣ್ಣೆ, ಮಸಿ, ಪಾಚಿ ಮೆತ್ತಿದ ತಂತಿಗಳ ನಡುವೆ ಹಸಿರು ತಂತಿಯೊಂದಿತ್ತು. ಅದರ ನಡುಮಧ್ಯೆ ಒಂದು ಗಂಟು. ಗಂಟಿನ ತಾಮ್ರ ಹೊಸ ಪಾತ್ರೆಯಂತೆ ಫಳಫಳಿಸುತ್ತಿತ್ತು.

"ಇದು ಅರ್ತ್ ತಂತಿ," ಎಂದರು ಪರಿವೀಕ್ಷಕಿ. "ಎಲ್ಲಾದ್ರೂ ಕರೆಂಟ್ ಸೋರಿದ್ರೆ ಇದರಲ್ಲಿ ದಡಕ್ಕೆ ಹರಿದು ಫ್ಯೂಸ್ ಸುಡಬೇಕು. ಬಹಳ ದಿನ ಕತ್ತರಿಸಿಟ್ಟಿದ್ರು. ನೋಡಿ, ತುದಿಯ ಈಚೆ ಎಲ್ಲ ಕಿಲುಬು. ಜೋಡಿಸಿದ್ದು ಮಾತ್ರ ಈಗ ಒಂದೆರಡು ದಿನದಲ್ಲಿ."

"ಬೇಕಂತ ಯಾರಾದ್ರೂ ಕತ್ತರಿಸ್ತಾರಾ?"

"ಹಳೇ ದೋಣಿಯವರು ಸುಮಾರು ಜನ ಮಾಡ್ತಾರೆ. ಲಾಂಚಿನ ತಳದಲ್ಲಿ ಸತುವಿನ ಗಟ್ಟಿ ಇರುತ್ತೆ. ಸವೆಯೋದು ಅದರ ಪಾಲಿಗೆ, ಕಬ್ಬಿಣ ಉಳಿಯುತ್ತೆ. ಆದ್ರೆ ಈ ತಂತಿ ಇದ್ರೆ ಲಾಂಚಿನ ಸತು ಕಟ್ಟೆಯ ಕಂಬಗಳ ಬದಲಿಗೂ ತಾನೇ ಸವೀಬೇಕು. ಬೇಗ ಕರಗುತ್ತೆ. ಆಮೇಲೆ ಚುಕ್ಕಾಣಿ, ಬೋಲ್ಟು ಎಲ್ಲ ತಿಂದುಹೋಗುತ್ತೆ. ಅದಕ್ಕೆ ಹಸಿರು ತಂತಿ ಕತ್ತರಿಸು, ದೋಣಿ ಉಳಿಯುತ್ತೆ ಅಂತ ಇವರಲ್ಲೊಂದು ಮಾತಿದೆ."

"ಮನುಷ್ಯ?"

ಪರಿವೀಕ್ಷಕಿ ಟಾರ್ಚನ್ನು ಮತ್ತೆ ತಂತಿಗಳತ್ತ ತಿರುಗಿಸಿದರು.

ಸೋರಿಕೆ ಎಲ್ಲಿ ಎಂಬುದು ಇನ್ನೂ ಸಿಕ್ಕಿರಲಿಲ್ಲ. ಆಗ ಇನ್ಸ್‌ಪೆಕ್ಟರರಿಗೆ ಹೊಳೆದದ್ದು ಇಷ್ಟೇ: ಗಂಟೆ ಬಾರಿಸುವಾಗ ಲಾಂಚಿನೊಳಗೆ ತಳದಲ್ಲಿ ನೀರಿತ್ತು, ಪರೀಕ್ಷೆ ನಡೆಯುತ್ತಿರುವಾಗ ತಳ ಒಣಗಿದೆ. ಒಣಗಿದ ತಳದಲ್ಲಿ ಎಷ್ಟು ಅಳೆದರೂ ದೋಷ ಸಿಗಲಿಕ್ಕಿಲ್ಲ.

"ನೀರು ತುಂಬೋಣ," ಎಂದರು.

ಲಾಂಚಿನ ಸುತ್ತ ಯಾರೂ ನೀರಿಗಿಳಿಯದಂತೆ ಹಗ್ಗ ಕಟ್ಟಲಾಯಿತು. ಯಜಮಾನನನ್ನೂ, ಗಂಡನ ಬಟ್ಟೆಬರೆ ಒಯ್ಯಲೆಂದು ಬಂದಿದ್ದ ಅವನ ತಂಗಿಯನ್ನೂ ಕಟ್ಟೆಯ ಮೇಲೆ ನಿಲ್ಲಿಸಲಾಯಿತು. ಪರಿವೀಕ್ಷಕಿ ಹಸಿರು ತಂತಿಯ ಹೊಸ ಗಂಟನ್ನು ಬಿಚ್ಚಿದರು. ಸಾವಿನ ದಿನ ಲಾಂಚು ಹೇಗಿತ್ತೋ ಹಾಗಾಯಿತು. ಮೀಟರಿನ ಒಂದು ತುದಿಯನ್ನು ಕಟ್ಟೆಯ ಕಂಬಕ್ಕೆ ಸಿಕ್ಕಿಸಿ, ಇನ್ನೊಂದನ್ನು ಪ್ರೊಪೆಲ್ಲರಿನ ಬಳಿ ನೀರಿಗೆ ಇಳಿಬಿಟ್ಟರು. ಕಾನ್‌ಸ್ಟೇಬಲ್ಲುಗಳು ಬಕೆಟ್ಟಿನಲ್ಲಿ ನೀರು ತಂದು ತಳಕ್ಕೆ ಸುರಿದರು. "ಲಾಂಚಿನೊಳಗಿನ ನೀರು ಹೊರಗೆ ಹಾಕೋದು ನೋಡಿದ್ದೆ. ಕೈಯಾರೆ ಒಳಗೆ ಹಾಕೋದು ಸರ್ಕಾರಿ ನೌಕರರು ಮಾತ್ರ," ಎಂದ ದಫೇದಾರ. ಯಾರೂ ನಗಲಿಲ್ಲ.

ಟಾರ್ಚಿನ ಬೆಳಕಿನಲ್ಲಿ ಒಂದು ಮರದ ಬೆಂಡು ಕಾಣಿಸಿತು. ನೀರಿನೊಂದಿಗೆ ಅದು ಮೇಲೇಳುತ್ತಿತ್ತು, ಮಲಗಿದ್ದವನು ತಲೆ ಎತ್ತುವ ಹಾಗೆ. ಬೆಂಡಿಗೆ ಸಲಾಕೆ, ಸಲಾಕೆಯ ತುದಿಯಲ್ಲಿ, ತಳದಲ್ಲಿ ನೀರು ಹೆಚ್ಚಿದರೆ ಎಚ್ಚರಿಸುವ ಗಂಟೆಯ ಸ್ವಿಚ್ಚು. ಗಂಟೆ ಕಿಣಿಕಿಣಿಸಿತು. ಕಟ್ಟೆಯ ಮೇಲಿದ್ದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹಿಂದೆಂದೋ ಯಾರೋ ಕೆಲಸ ಚೊಕ್ಕವಾಗಲೆಂದು ಚಾರ್ಜರಿನ ಕೇಬಲ್ಲನ್ನು ಅದೇ ಸಲಾಕೆಗೆ ದಾರದಿಂದ ಕಟ್ಟಿದ್ದರು. ಬೆಂಡು ಏರಿದಂತೆ ಕೇಬಲ್ಲೂ ಏರಿತು. ಏರಿ, ಎಂಜಿನ್ನಿನ ಅಡಿಯ ಬೋಲ್ಟಿಗೆ ಮೈ ಒರಗಿಸಿತು. ಉಜ್ಜಿ ಉಜ್ಜಿ ಸವೆದು ಅಲ್ಲಿ ಕೇಬಲ್ಲಿನ ಮೇಲೆ ರಬ್ಬರ್ ಇರಲಿಲ್ಲ; ಬೋಲ್ಟಿನಿಂದ ಎಂಜಿನ್ನಿಗೆ, ಅಲ್ಲಿಂದ ಪ್ರೊಪೆಲ್ಲರಿಗೆ, ನೀರಿಗೆ ಕರೆಂಟಿನ ದಾರಿ ತೆರೆಯಿತು.

ಮೀಟರಿನ ಮುಳ್ಳು ಹಾರಿತು. ಕಟ್ಟೆಯ ಬಲ್ಬು ಆರಲಿಲ್ಲ.

ಸದ್ದಿಲ್ಲ, ಕಿಡಿಯಿಲ್ಲ, ಹೊಗೆಯಿಲ್ಲ. ಸರೋವರ ಕನ್ನಡಿಯಂತೆ ಮಲಗಿತ್ತು. ಆದರೆ ಲಾಂಚಿನ ನೆರಳಿನಲ್ಲಿ ಆಡುತ್ತಿದ್ದ ಸಣ್ಣ ಮೀನುಗಳು ಒಮ್ಮೆಲೇ ನಿಂತವು. ಒಂದೊಂದೂ ನಡುಗುತ್ತ, ಯಾರೋ ಸಾಲು ಹಿಡಿಸಿದಂತೆ, ಎಲ್ಲವೂ ಒಂದೇ ಕಡೆ ಅಡ್ಡಲಾಗಿ ತಿರುಗಿದವು. ಪಂಪು ಗುರುಗುಟ್ಟಿತು. ನೀರು ಇಳಿಯಿತು, ಬೆಂಡು ಇಳಿಯಿತು, ಕೇಬಲ್ಲು ಸಾಧುವಿನಂತೆ ತನ್ನ ಜಾಗಕ್ಕೆ ಮರಳಿ ಮಲಗಿತು. ಗಂಟೆ ನಿಂತಿತು. ಮೀನುಗಳು ಚದುರಿದವು. ಆ ನಾಯಿಯೂ ಹಿಂದೊಮ್ಮೆ ಇಲ್ಲಿ ಕಚ್ಚಿಸಿಕೊಂಡಿರಬೇಕು ಎಂದುಕೊಂಡರು ಇನ್ಸ್‌ಪೆಕ್ಟರರು.

"ಇಷ್ಟೇ," ಎಂದರು ಪರಿವೀಕ್ಷಕಿ. "ಹಸಿರು ತಂತಿ ಇದ್ದಿದ್ರೆ ಆ ಕ್ಷಣವೇ ಫ್ಯೂಸ್ ಹೋಗ್ತಿತ್ತು."

ಪಂಚನಾಮೆಗೆ ಸಹಿಗಳಾದವು. ಬಿಚ್ಚಿದ ಗಂಟನ್ನೂ ಏಣಿಯ ರಬ್ಬರನ್ನೂ ಜಪ್ತಿ ಮಾಡಿ ಮೊಹರು ಹಾಕಲಾಯಿತು. ನಂತರ ಇನ್ಸ್‌ಪೆಕ್ಟರರು ಯಜಮಾನನನ್ನು ಚುಕ್ಕಾಣಿಯ ಕೋಣೆಯಲ್ಲಿ ಟೋಪಿಯ ಎದುರಿಗೇ ಕೂರಿಸಿದರು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಹೋಗೆಂದು ಅವರು ಹೇಳಲಿಲ್ಲ.

"ತಂತಿ ಕತ್ತರಿಸಿದ್ದು ಯಾರು?"

"ಗೊತ್ತಿಲ್ಲ ಸಾರ್."

"ಮೊನ್ನೆ ಜೋಡಿಸಿದ್ದು ಯಾರು?"

ಯಜಮಾನ ತನ್ನ ಬೂಟಿನ ತುದಿಯನ್ನೇ ನೋಡಿದ.

"ಏಣಿಗೆ ರಬ್ಬರ್ ಸುತ್ತಿದ್ದೀರಿ. ಬೂಟು ಬಿಟ್ಟು ಕಾಲಿಡಲ್ಲ. ದೆವ್ವಕ್ಕೆ ಯಾರಾದ್ರೂ ರಬ್ಬರ್ ಸುತ್ತುತ್ತಾರಾ ಯಜಮಾನ್ರೇ?"

ಯಜಮಾನನ ಬೂಟುಗಳು ಹಲಗೆಯ ಮೇಲೆ ಕಿರುಗುಟ್ಟಿದವು.

"ನಾನೇ," ಎಂದ ಕೊನೆಗೆ. "ಎರಡೂ ನಾನೇ. ಚುಕ್ಕಾಣಿ ಹುಳ ತಿಂದ ಹಾಗೆ ಆಗಿತ್ತು. ತಪಾಸಣೆಯಲ್ಲಿ ನಪಾಸಾದ್ರೆ ಒಡೆದುಹಾಕಿ ಅಂತ ಆರ್ಡರ್ ಕೊಡ್ತಾರೆ ಸಾರ್. ಅಪ್ಪನ ಕೈ ಕೆಲಸ. ಒಂದು ಹಲಗೇನೂ ಕೊಡೋಕೆ ಮನಸ್ಸಿರ್ಲಿಲ್ಲ."

"ನೀರು ಕಚ್ಚೋದು ಯಾವಾಗ ಗೊತ್ತಾಯ್ತು?"

"ಏಣಿ ಹಿಡಿದಾಗ ಒಂದು ಸಲ ಹೊಡೀತು. ಗಂಟೆ ಬಾರಿಸುವಾಗ ಮಾತ್ರ ಅಂತ ಆಮೇಲೆ ತಿಳೀತು."

"ತಿಳಿದ ಮೇಲೆ ರಿಪೇರಿ ಮಾಡಿಸ್ಲಿಲ್ಲ. ಕಥೆ ಕಟ್ಟಿದಿರಿ."

"ರಿಪೇರಿಗೆ ಬಂದವರು ಹಸಿರು ತಂತಿ ನೋಡ್ತಾರಲ್ಲ. ಬರೆದು ಕೊಡ್ತಾರೆ. ಅಪ್ಪ ಇದ್ದಾನೆ ಅಂದ್ರೆ ಯಾರೂ ಹತ್ರ ಬರಲ್ಲ, ನೀರಿಗೂ ಇಳಿಯಲ್ಲ. ಎಲ್ಲರಿಗೂ ಒಳ್ಳೇದು ಅಂದ್ಕೊಂಡೆ."

ಇನ್ಸ್‌ಪೆಕ್ಟರರಿಗೆ ಅಸಹ್ಯವಾಯಿತು. ಅಪಾಯವನ್ನು ಅಪಾಯವೆಂದು ಕೂಗಿ ಹೇಳಲು ನಾಲಿಗೆಯಿಲ್ಲದವನು, ಸತ್ತ ತಂದೆಯನ್ನೇ ಕಾವಲುಗಾರನನ್ನಾಗಿ ನಿಲ್ಲಿಸಿದ್ದ! "ಆದ್ರೂ ಭಾವನ್ನ ಇಳಿಸಿದಿರಿ."

"ಅವನು ಕೇಳಿದ, ಪ್ಲಗ್ ತೆಗೆದಿದ್ದೀಯಾ ಅಂತ. ಹೂಂ ಅಂದೆ. ತೆಗೆದಿದ್ರೆ ಬ್ಯಾಟರಿ ತುಂಬ್ತಿರ್ಲಿಲ್ಲ, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗ್ತಿರ್ಲಿಲ್ಲ. ಪಂಪ್ ಆಗಷ್ಟೇ ನಿಂತಿತ್ತು. ಇನ್ನೊಂದು ಸಲ ಗಂಟೆ ಬಾರಿಸೋದ್ರೊಳಗೆ ಮೇಲೆ ಬರ್ತಾನೆ ಅಂತ ಲೆಕ್ಕ ಹಾಕಿದೆ. ಕಳೆ ಬಿಗಿಯಾಗಿ ಸುತ್ಕೊಂಡಿತ್ತು. ಹೊತ್ತಾಯ್ತು."

"ಗಂಟೆ ಬಾರಿಸ್ತು. ಪ್ಲಗ್ ಕಣ್ಣೆದುರಿಗೇ ಇತ್ತು. ಕೂಡಲೇ ಓಡಲಿಲ್ಲ ಯಾಕೆ?"

ಯಜಮಾನ ಮೊದಲ ಬಾರಿಗೆ ಟೋಪಿಯತ್ತ ನೋಡಿದ.

"ನಾನೇ ಕಟ್ಟಿದ ಕಥೆ ಸಾರ್ ಅದು. ಬೆಂಡು ಗೊತ್ತು, ಸ್ವಿಚ್ ಗೊತ್ತು, ಎಲ್ಲಾ ಗೊತ್ತು. ಆದ್ರೂ ಆವತ್ತು ಗಂಟೆ ಕೇಳಿದಾಗ..." ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ಪ್ಲಗ್ ನೆನಪಾಗ್ಲಿಲ್ಲ. ಅಪ್ಪನಿಗೆ ಕೈ ಮುಗಿದೆ. ಬಿಟ್ಟುಬಿಡಪ್ಪಾ ಅಂತ ಬೇಡ್ಕೊಂಡೆ. ಕಣ್ಣು ಬಿಟ್ಟು ನೋಡಿದ್ರೆ ಅವನು ತೇಲ್ತಿದ್ದ."

ಬಾಗಿಲಲ್ಲಿದ್ದ ತಂಗಿ ಒಳಗೆ ಬಂದಳು. ಅಣ್ಣನನ್ನು ಹೊಡೆಯಬಹುದೆಂದು ದಫೇದಾರ ಎದ್ದ. ಅವಳು ಹೊಡೆಯಲಿಲ್ಲ. ಮೊಳೆಯಿಂದ ಟೋಪಿಯನ್ನು ತೆಗೆದುಕೊಂಡಳು.

"ಅಪ್ಪ ಇದ್ದಿದ್ರೆ ಮೊದಲು ಪ್ಲಗ್ ಕೀಳ್ತಿದ್ದ, ಅಣ್ಣಾ," ಎಂದಳು.

ಅಸಹಜ ಸಾವಿನ ಪ್ರಕರಣದ ಬದಲಿಗೆ ಕೊಲೆಯಲ್ಲದ ನರಹತ್ಯೆ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಅಂದೇ ಎಫ್‌ಐಆರ್ ದಾಖಲಾಯಿತು. ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ವರದಿಯ ಮೊದಲ ಸಾಲನ್ನು ಇನ್ಸ್‌ಪೆಕ್ಟರರು ತಾವೇ ಬರೆದು ಅವಳಿಗೆ ಓದಿ ಹೇಳಿದರು: ಮೃತನು ಮದ್ಯಪಾನ ಮಾಡಿರಲಿಲ್ಲ. ಅವಳು ಇನ್ನೊಮ್ಮೆ ಓದಿ ಎಂದಳು. ಇನ್ನೊಮ್ಮೆ ಓದಿದರು.

ಆರೋಪಿಗೆ ದ್ವೇಷವಿರಲಿಲ್ಲ, ದುರಾಸೆಯೂ ಇರಲಿಲ್ಲ. ತಂದೆಯ ಕೈಕೆಲಸದ ಮೇಲೆ ಅತಿಯಾದ ಮಮತೆಯೊಂದೇ ಇತ್ತು. ಮರವನ್ನು ಉಳಿಸಹೊರಟ ಆ ಮಮತೆ ಮನುಷ್ಯನ ಜೀವವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ತಪ್ಪನ್ನು ಮುಚ್ಚಲು ಒಂದು ಸುಳ್ಳು ಬೇಕಾಯಿತು; ಸುಳ್ಳನ್ನು ದಿನವೂ ಸಾಕಬೇಕಾಯಿತು; ಸಾಕಿದ್ದು ಕೊನೆಗೆ ಸಾಕಿದವನನ್ನೇ ಆಳಿತು.

ಜೀಪು ಹೊರಡುವಾಗ ದಡದ ಪ್ಲಗ್ಗು ಕಿತ್ತು ಮೊಹರಾಗಿತ್ತು. ಲಾಂಚಿನಲ್ಲಿ ಜನರಿರಲಿಲ್ಲ. ಆದರೆ ಹಳೆಯ ಹಲಗೆಗಳ ಸಂದಿನಿಂದ ನೀರು ಜಿನುಗುವುದು ನಿಂತಿರಲಿಲ್ಲ, ಬ್ಯಾಟರಿಯಲ್ಲಿ ಇನ್ನೂ ಒಂದಿಷ್ಟು ಜೀವವಿತ್ತು. ಸಂಜೆ ಮತ್ತೆ ಇಳಿದ ಮಂಜಿನೊಳಗಿನಿಂದ ಗಂಟೆ ಕಿಣಿಕಿಣಿಸಿತು.

ಅದು ಬರಿಯ ಬೆಂಡು, ಬರಿಯ ಸ್ವಿಚ್ಚು ಎಂದು ಜೀಪಿನಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಆದರೂ ಹಿಂದಿನ ಸೀಟಿನಲ್ಲಿ ಕೋಳ ತೊಡಿಸಿದ ಎರಡು ಕೈಗಳು, ಸರಪಳಿ ಸದ್ದು ಮಾಡುತ್ತಿದ್ದಂತೆ, ತಾವಾಗಿಯೇ ಮುಗಿದುಕೊಂಡವು.